ಮಲ್ಲಗಂಬದ ಕುತ್ತಿಗೆ

ಪಾಂಡವಪುರದ ಹಳೇ ಬೆಲ್ಲದ ಮಂಡಿಯಲ್ಲಿ ಹೆಂಗಸರಿಗೆ ಮಲ್ಲಗಂಬ ಹೇಳಿಕೊಡುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದು ತೊಂಬತ್ತಾರನೇ ಇಸವಿಯ ಮುಂಗಾರಿನಲ್ಲಿ. ಹೇಳಿಕೊಡುವವರು ಜಯಲಕ್ಷ್ಮಮ್ಮ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದು ಆ ವರ್ಷವಷ್ಟೇ ನಿವೃತ್ತರಾಗಿದ್ದರು. ಮದುವೆಯಾದ ಹೊಸತರಲ್ಲಿ ಗದಗಿನ ಕಡೆ ಇದ್ದಾಗ ಅಲ್ಲಿನ ಗರಡಿಯೊಂದರಲ್ಲಿ ಕಂಬ ಹತ್ತುವುದನ್ನು ತಾವೇ ಕಲಿತು ಬಂದಿದ್ದರು. ಮಂಡಿ ಚಲುವರಾಜು ಅವರದು. ಅವರು ಬೆಲ್ಲದ ವ್ಯಾಪಾರ ಬಿಟ್ಟು ಹಸು ಸಾಕಿ ಡೈರಿಗೆ ಹಾಲು ಹಾಕತೊಡಗಿದ ಮೇಲೆ ಅದು ಖಾಲಿ ಬಿದ್ದಿತ್ತು. ಬಿಕಾಂ ಓದುತ್ತಿದ್ದ ಅವರ ಮಗಳು ರಂಜಿತ ಹಟ ಹಿಡಿದದ್ದರಿಂದ ಟೀಚರಿಗೆ ಬೀಗದ ಕೈ ಸಿಕ್ಕಿತು.

ಕಂಬ ಮಾಡಿಕೊಡುವ ಕೆಲಸ ಬಂದದ್ದು ಶ್ರೀನಿವಾಸಾಚಾರಿಗೆ. ಅರವತ್ತೆಂಟು ವರ್ಷದ ಆಚಾರಿಯ ಕೈ ಮುಟ್ಟದ ಬಾಗಿಲು ಆ ಸುತ್ತಿನಲ್ಲಿ ಕಡಿಮೆ. ಮಗ ಸುರೇಂದ್ರ ಬಡಗಿ ಕೆಲಸ ಕಲಿತಿದ್ದರೂ ಸಕ್ಕರೆ ಕಾರ್ಖಾನೆಗೆ ಸೇರಿಕೊಂಡಿದ್ದ. ಹಾಗಾಗಿ ಮನೆಯ ಕೆಲಸದ ಚಪ್ಪರದ ಕೆಳಗೆ ಮಾವನ ಜೊತೆ ಮರದ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಸೊಸೆ ವೀಣ. ದೇವಲಾಪುರದ ಕಡೆಯವಳು, ಅಣ್ಣಂದಿರ ಸಮಕ್ಕೆ ಹುಣಸೇಮರ ಹತ್ತಿ ಬೆಳೆದವಳು. ಯಾವ ಮರ ತಂದರೂ ಮಾವ ಮೊದಲು ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ತಟ್ಟುವರು. ಇನ್ನೊಂದು ತುದಿಗೆ ಅವಳು ಕಿವಿ ಇಟ್ಟು ಕೇಳಬೇಕು. ಒಳಗೆ ಟೊಳ್ಳಿದ್ದರೆ ಸದ್ದು ಮಂಕಾಗುತ್ತದೆ ಎಂಬುದನ್ನು ಅವಳು ಕಲಿತದ್ದು ಹಾಗೆ.

ಕಂಬಕ್ಕೆ ಸಿಕ್ಕಿದ್ದು ಹಳೆಯ ತೊಟ್ಟಿಮನೆಯೊಂದರ ಬೀಟೆಯ ಕಂಬ. ಅಂಥ ಮರ ಈಗ ಕಾಡಿನಲ್ಲೂ ಇಲ್ಲ ಎಂದು ಆಚಾರಿ ನಾಲ್ಕು ಸಲ ಹೇಳಿಕೊಂಡರು. ತಿಂಗಳು ಪೂರಾ ಬಾಚಿಯನ್ನೂ ಉಳಿಯನ್ನೂ ಹಿಡಿದು ದುಡಿದರು. ಬುಡ ದಪ್ಪ, ಮೇಲೆ ಹೋದಂತೆ ಸಣ್ಣ. ತುದಿಯಲ್ಲಿ ತೆಂಗಿನಕಾಯಿಯಂಥ ತಲೆ, ಅದರ ಕೆಳಗೆ ಮುಂಗೈ ದಪ್ಪದ ಕುತ್ತಿಗೆ. ಆ ಕುತ್ತಿಗೆಯನ್ನು ಕೆತ್ತುವ ಎರಡು ದಿನ ಮಾತ್ರ ಮಾವ ಅವಳನ್ನು ಚಪ್ಪರಕ್ಕೆ ಸೇರಿಸಲಿಲ್ಲ. ಸೂಕ್ಷ್ಮದ ಕೆಲಸ, ಜೊತೆಗೆ ಯಾರೂ ಬೇಡ ಎಂದರು. ಅರಗು ಕಾಯಿಸಿದ ವಾಸನೆ ಅಡುಗೆಮನೆಯವರೆಗೂ ಬಂತು. ಉಳಿಗೆ ಹಿಡಿ ಕೂರಿಸುತ್ತಿರಬೇಕು ಎಂದುಕೊಂಡು ವೀಣ ಸುಮ್ಮನಾದಳು.

ಕಂಬ ಸಿದ್ಧವಾದ ದಿನ ನೋಡಲು ಬಂದ ಜಯಲಕ್ಷ್ಮಮ್ಮ, ಎಣ್ಣೆ ಉಜ್ಜುತ್ತಿದ್ದ ವೀಣಳ ಕೈಯನ್ನೇ ಗಮನಿಸಿ, ಇಂಥ ಹಿಡಿತ ಇರುವವಳು ತರಗತಿಗೆ ಬರಬೇಕು ಎಂದುಬಿಟ್ಟರು. ಆಚಾರಿ ಬಗ್ಗಿ ಮರದ ಚಕ್ಕೆ ಗುಡಿಸತೊಡಗಿದರು. ಮಧ್ಯಾಹ್ನ ಮೂರರಿಂದ ಐದು, ಮನೆಗೆಲಸ ಮುಗಿಸಿ ಹೋಗಿಬರಲಿ ಎಂದು ಅತ್ತೆ ಪುಟ್ಟಲಕ್ಷ್ಮಮ್ಮನೇ ಒಪ್ಪಿಗೆ ಕೊಟ್ಟಳು.

ಮಂಡಿಯಲ್ಲಿ ಕಂಬ ನೆಟ್ಟ ದಿನ ಪೂಜೆಯಾಯಿತು. ಮಾಡಿದವರ ಕೈ ಮೊದಲು ಮುಟ್ಟಲಿ ಎಂದು ಟೀಚರ್ ಆಚಾರಿಯನ್ನು ಕರೆದರು, ಎಲೆ ಅಡಿಕೆ ತಟ್ಟೆ ಮುಂದೆ ಹಿಡಿದರು. ಆಚಾರಿ ಹೊಟ್ಟೆ ಸರಿಯಿಲ್ಲ ಎಂದು ಹೇಳಿ, ತಟ್ಟೆಯನ್ನೂ ಮುಟ್ಟದೆ, ಕಂಬವನ್ನೂ ಮುಟ್ಟದೆ ಹೊರಟುಹೋದರು. ಮಾಡಿದ ಪ್ರತಿ ಬಾಗಿಲನ್ನೂ ಕೂರಿಸಿದ ಮೇಲೆ ಒಮ್ಮೆ ಸವರದೆ ಬರುವವರಲ್ಲ ಅವರು. ವೀಣಳ ಮನಸ್ಸಿಗೆ ಅದು ಯಾಕೋ ಚುಚ್ಚಿತು.

ತರಗತಿಗೆ ಸೇರಿದವರು ಒಂಬತ್ತು ಮಂದಿ. ಮೊದಲ ವಾರ ಕಂಬವನ್ನು ತಬ್ಬಿ ನಿಲ್ಲುವುದೇ ಪಾಠ. ಸೀರೆ ನಡೆಯದು, ವೀಣ ಗಂಡನ ಹಳೇ ಪೈಜಾಮವನ್ನು ಹಿಡಿಸಿ ಹೊಲಿದುಕೊಂಡಳು. ಹರಳೆಣ್ಣೆ ಸವರಿದ ಮರ ಜಾರುತ್ತದೆ, ಜಾರುವ ಮರವನ್ನು ತೊಡೆಯಲ್ಲಿ ಅದುಮಿ ಹಿಡಿಯಬೇಕು. ಕೈ ಮೇಲಕ್ಕೆ ಹೋಗುವುದು ಆಮೇಲೆ. ಒಳತೊಡೆ ಕಂದುಗಟ್ಟಿತು, ಅಂಗೈ ಸಿಪ್ಪೆ ಎದ್ದಿತು. ಮನೆಗೆ ಬಂದು ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತರೆ ಏಳಲಾಗುತ್ತಿರಲಿಲ್ಲ. ಆದರೂ ಬೆಳಿಗ್ಗೆಯಿಂದಲೇ ಅವಳ ಕಣ್ಣು ಗಡಿಯಾರದ ಮೇಲೆ ಇರುತ್ತಿತ್ತು. ಹತ್ತು ವರ್ಷದ ಹಿಂದೆ ಮರದಿಂದ ಇಳಿಸಿದ ದೇಹವನ್ನು ಯಾರೋ ಮತ್ತೆ ಅವಳಿಗೆ ಒಪ್ಪಿಸಿದ ಹಾಗಿತ್ತು.

ಮಾವನ ಪ್ರಶ್ನೆ ಶುರುವಾದದ್ದು ಆಗಲೇ. ಸಂಜೆ ಊಟಕ್ಕೆ ಕೂತು ಮುದ್ದೆಗೆ ಕೈ ಹಾಕುವ ಮೊದಲು ಕೇಳುವರು.

"ಇವತ್ತು ಎಲ್ಲೀಗಂಟ ಏರುದ್ರವ್ವ?"

ಮೊದಲು ಅವಳಿಗೆ ಖುಷಿಯಾಯಿತು. ನೆಲದಿಂದ ಒಂದು ಮೊಳ ಎಂದಳು. ಇನ್ನೊಂದು ವಾರಕ್ಕೆ ಸೊಂಟದ ಮಟ್ಟ. ಆಗಸ್ಟಿನಲ್ಲಿ ಎದೆ ಮಟ್ಟ. ಪ್ರತಿ ಉತ್ತರಕ್ಕೂ ಆಚಾರಿ ತಲೆಯಾಡಿಸುವರು. ಗೌರಿಹಬ್ಬ ಕಳೆದ ಮೇಲೆ ಒಂದು ದಿನ ಅವಳು, ನಾನು ಆಳೆತ್ತರ ದಾಟಿದೆ, ರಂಜಿತ ಅದಕ್ಕಿಂತ ಮೇಲೆ ಹೋದಳು ಎಂದಳು. ಆಚಾರಿ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೈ ತೊಳೆದರು. ಅಂದಿನಿಂದ ಅವಳಿಗೆ ಆ ಪ್ರಶ್ನೆ ಬೇಡವೆನಿಸತೊಡಗಿತು. ಅಳತೆ ಕಡಿಮೆ ಮಾಡಿ ಹೇಳಿ ನೋಡಿದಳು. ಅವರು ಕಣ್ಣು ಕಿರಿದು ಮಾಡಿ ಅವಳ ಮುಖವನ್ನೇ ನೋಡಿದರು. ನಂಬಲಿಲ್ಲ ಎಂದು ಗೊತ್ತಾಯಿತು.

ಆ ಕಂಬ ಮನೆ ಬಿಟ್ಟಾಗಿನಿಂದ ಯಜಮಾನರಿಗೆ ನಿದ್ದೆ ಇಲ್ಲ ಎಂದು ಅತ್ತೆ ಒಂದು ಮಧ್ಯಾಹ್ನ ಅಲಸಂದೆಕಾಯಿ ಬಿಡಿಸುತ್ತಾ ಹೇಳಿದಳು. ಏನೋ ಕೇಳಲು ಹೋದರೆ ರೇಗುತ್ತಾರಂತೆ. ಕಣ್ಣಿಗೆ ಪೊರೆ ಬಂದಿರುವುದನ್ನು ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾರಂತೆ. ವೀಣಳಿಗೆ ಆ ಪೊರೆಯ ಸಂಗತಿ ತಿಳಿದದ್ದೇ ಆಗ. ಎರಡು ವರ್ಷದಿಂದ ಮಾವ ಗೆರೆ ಎಳೆಯುವಾಗ ಅವಳ ಬೆರಳನ್ನು ಮರದ ಮೇಲೆ ಇಡಿಸಿಕೊಳ್ಳುತ್ತಿದ್ದದ್ದು ಯಾಕೆ ಎಂದೂ ಆಗ ತಿಳಿಯಿತು.

ಅಕ್ಟೋಬರಿನಲ್ಲಿ ಜಯಲಕ್ಷ್ಮಮ್ಮ ರಾಜ್ಯೋತ್ಸವದ ದಿನ ಮಂಡಿಯಲ್ಲೇ ಪ್ರದರ್ಶನ ಇಡುವುದೆಂದು ತೀರ್ಮಾನಿಸಿದರು. ಕೊನೆಗೆ ರಂಜಿತ ಕಂಬದ ತಲೆಯ ಮೇಲೆ ನಿಂತು ಕೈ ಮುಗಿಯಬೇಕು. ಅದನ್ನು ಕೇಳಿದ ದಿನವೇ ಆಚಾರಿ ಸೊಸೆಗೆ ಇನ್ನು ಅಲ್ಲಿಗೆ ಹೋಗಕೂಡದು ಎಂದರು. ಸುರೇಂದ್ರ ಕಾರಣ ಕೇಳಿದರೆ, ಮನೆ ಹೆಂಗಸು ನಾಕು ಜನದ ಮುಂದೆ ಕಂಬ ತಬ್ಬುವುದು ಬೇಡ, ಆ ಹುಡುಗಿಯೂ ಬೇಡ, ಯಾರೂ ಬೇಡ ಎಂದು ಗದರಿದರು. ಊರಿನಲ್ಲಿ ಹಾಗೆ ಆಡಿಕೊಳ್ಳುವವರು ಇದ್ದೇ ಇದ್ದರು. ಮಾವನ ಬಾಯಲ್ಲಿ ಮಾತ್ರ ಆ ಮಾತು ಹೊಂದಲಿಲ್ಲ. ಸೊಸೆಗೆ ಉಳಿ ಹಿಡಿಯುವುದನ್ನು ಕಲಿಸಿದವರು ಅವರೇ. ನಾಚಿಕೆಗೆ ಹೀಗೆ ಬೆವರುವುದಿಲ್ಲ ಎಂದುಕೊಂಡಳು ವೀಣ. ಸದ್ಯಕ್ಕೆ ಸುಮ್ಮನಿರು ಎಂದು ಗಂಡ ಕಣ್ಸನ್ನೆ ಮಾಡಿದ. ಅವಳು ಎರಡು ದಿನ ಬಿಟ್ಟು ಮತ್ತೆ ಹೋದಳು.

ಪ್ರದರ್ಶನಕ್ಕೆ ನಾಲ್ಕು ದಿನ ಇತ್ತು. ಆ ಮಧ್ಯಾಹ್ನ ವೀಣ ಮೊದಲ ಬಾರಿ ಕಂಬದ ಕುತ್ತಿಗೆಗೆ ಕೈ ಹಾಕಿದಳು. ನೆಲದಿಂದ ಏಳೂವರೆ ಅಡಿ. ಕೆಳಗೆ ಟೀಚರದೂ ಸೇರಿ ಒಂಬತ್ತು ಮುಖಗಳು ಮೇಲೆ ನೋಡುತ್ತಿದ್ದವು. ಒಂದು ಕೈಯಿಂದ ಕುತ್ತಿಗೆ ಹಿಡಿದು ಮೈ ತಿರುಗಿಸಿದಾಗ ಅಂಗೈ ಕೆಳಗೆ ಏನೋ ಅಲುಗಿತು. ಕಂಬ ಅಲ್ಲಾಡಲಿಲ್ಲ, ಮರದ ಒಳಗೆ ಮರ ಸರಿದ ಹಾಗಾಯಿತು, ಹಲ್ಲು ಸಡಿಲವಾದಾಗ ನಾಲಗೆಗೆ ತಿಳಿಯುವಷ್ಟು. ಅವಳು ಉಸಿರು ಹಿಡಿದು, ತೊಡೆ ಬಿಗಿದು, ಇಂಚು ಇಂಚಾಗಿ ಇಳಿದಳು. ನೆಲದ ಮೇಲೆ ನಿಂತು ಅಂಗೈ ಬಿಡಿಸಿ ನೋಡಿದರೆ ಬೆವರಿಗೆ ಅಂಟಿಕೊಂಡು ಎರಡು ಮೂರು ಚೂರು. ಕಡುಗೆಂಪು ಅರಗು, ಅದರಲ್ಲಿ ಕಲಸಿದ ಬೀಟೆಯ ಹುಡಿ.

ಅದು ಯಾರ ಕೈಯ ಕೆಲಸವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮುಂದಿನ ಸರದಿ ರಂಜಿತಳದು. ಅವಳು ಆಗಲೇ ಅಂಗೈಗೆ ಎಣ್ಣೆ ಹಚ್ಚಿಕೊಂಡು ಕಂಬದ ಬಳಿ ಬಂದಿದ್ದಳು. ವೀಣ ಅಡ್ಡ ನಿಂತಳು. ಆಡಬೇಕಾದ ಮಾತು ನಾಲಗೆಯ ತುದಿಯಲ್ಲಿತ್ತು; ಅದರ ಜೊತೆಗೇ ಐವತ್ತು ವರ್ಷ ಕೆಲಸ ಮಾಡಿದ ಮಾವನ ಹೆಸರೂ ಇತ್ತು. ಅವಳು ಬೇರೆ ಮಾತು ಆಡಿದಳು. ಕುತ್ತಿಗೆಯಲ್ಲಿ ಸಿಬಿರು ಎದ್ದಿದೆ, ಕೈಗೆ ಚುಚ್ಚುತ್ತದೆ, ಮಾವ ಬಂದು ಉಜ್ಜಿಕೊಡಲಿ, ಇವತ್ತಿಗೆ ಸಾಕು ಎಂದಳು. ಜಯಲಕ್ಷ್ಮಮ್ಮ ಒಪ್ಪಿ ತರಗತಿ ಬಿಟ್ಟರು.

ಮನೆಗೆ ಬಂದವಳು ನೇರ ಚಪ್ಪರಕ್ಕೆ ಹೋದಳು. ಆಚಾರಿ ಉಳಿ ಮಸೆಯುತ್ತಿದ್ದರು. ಅವಳು ಅರಗಿನ ಚೂರುಗಳನ್ನು ಅವರ ಅಂಗೈಗೆ ಹಾಕಿದಳು. ಅವರು ನೋಡಲಿಲ್ಲ, ಬೆರಳಲ್ಲಿ ಉಜ್ಜಿದರು. 

"ಕುತ್ಗೆ ಕೆತ್ತುವಾಗ ಒಳ್ಗೆ ಹಳೇ ಮೊಳೆ ತೂತು ಸಿಕ್ತು," ಎಂದರು. "ಸುತ್ತ ಬೆರಳುದ್ದ ಕೊಳ್ತೋಗಿತ್ತು. ತುಂಬ್ಬುಟ್ಟೆ."

"ಯಾಕೇಳ್ನಿಲ್ಲ ಮಾವ?"

ಅವರು ಉಳಿಯನ್ನು ಮಸೆಗಲ್ಲಿನ ಪಕ್ಕಕ್ಕೆ ಇಟ್ಟರು.

"ಎಂಗುಸ್ರು ಆಟೆತ್ರುಕ್ಕೆ ಓಯ್ತೀರಿ ಅಂತ ನಾನು ಅಂದ್ಕಂಡೇ ಇರ್ನಿಲ್ಲ ಕಣವ್ವ. ಬುಡ ತಬ್ಕಂಡು ನಾಕು ದಿನ ಆಡಿ ಬುಟ್ಬುಡ್ತೀರಿ ಅಂತಿದ್ದೆ."

ವೀಣಳಿಗೆ ಆ ಮಾತು ಮೊಳೆಗಿಂತ ಆಳವಾಗಿ ನಾಟಿತು. ಈ ನಾಲ್ಕು ತಿಂಗಳು ಅವಳು ಏರಿದ ಒಂದೊಂದು ಗೇಣೂ ಈ ಮುದುಕನ ಎದೆಗೆ ಒಂದೊಂದು ಗುದ್ದಾಗಿತ್ತು, ಆದರೂ ಬಾಯಿ ಬಿಡಲಿಲ್ಲವಲ್ಲ. ಈಗಲೇ ಟೀಚರ ಮನೆಗೆ ಹೋಗುತ್ತೇನೆ ಎಂದು ಎದ್ದಳು. ಆಚಾರಿ ಅವಳ ಸೆರಗಿನ ತುದಿ ಹಿಡಿದುಕೊಂಡರು. ಬೆಳಿಗ್ಗೆ ತಾವೇ ಹೋಗಿ ಹೇಳುವುದಾಗಿ, ತಮ್ಮ ಬಾಯಿಂದಲೇ ಹೇಳಲು ಬಿಡಬೇಕೆಂದು ಕೇಳಿಕೊಂಡರು. ಒಂದು ರಾತ್ರಿಯ ಮಟ್ಟಿಗೆ ಏನಾದೀತು ಎಂದು ಅವಳು ಒಪ್ಪಿದಳು. ಆ ಒಪ್ಪಿಗೆಗಾಗಿ ಆಮೇಲೆ ಅವಳು ತನ್ನನ್ನು ತಾನೇ ಕ್ಷಮಿಸಿಕೊಳ್ಳಲಿಲ್ಲ.

ಬೆಳಗಾಯಿತು. ಆಚಾರಿ ಸ್ನಾನ ಮಾಡಿದರು, ಪಂಚೆ ಉಟ್ಟರು, ಜಗಲಿಯ ಮೇಲೆ ಕೂತರು. ಕಾಫಿ ಆರಿಹೋಯಿತು. ಏಳು ಗಂಟೆಯಾದರೂ ಏಳಲಿಲ್ಲ. ವೀಣ ಚಪ್ಪಲಿ ಮೆಟ್ಟಿಕೊಂಡು ಅವರ ಮುಂದೆಯೇ ಬೀದಿಗೆ ಇಳಿದಳು. ಟೀಚರ ಮನೆಗೆ ಹೋಗುವ ದಾರಿಯಲ್ಲೇ ಮಂಡಿ. ಅದರ ಬಾಗಿಲು ಅಷ್ಟು ಹೊತ್ತಿಗೇ ತೆರೆದಿತ್ತು.

ಒಳಗೆ ಮಬ್ಬು. ಹೆಂಚಿನ ಸಂದಿಯಿಂದ ಬಿಸಿಲಿನ ಎರಡು ಕೋಲು ಇಳಿದಿದ್ದವು. ಅಪ್ಪನ ಬಳಿಯಿದ್ದ ಇನ್ನೊಂದು ಬೀಗದ ಕೈ ತಂದು ಒಬ್ಬಳೇ ಅಭ್ಯಾಸಕ್ಕೆ ಬಂದಿದ್ದ ರಂಜಿತ ಕಂಬದ ತಲೆಯ ಮೇಲೆ ನಿಂತಿದ್ದಳು. ಎರಡು ಪಾದವೂ ಅಷ್ಟಗಲದ ಮರದ ಮೇಲೆ, ಕೈ ಎರಡೂ ಎದೆಯ ಮುಂದೆ ಮುಗಿದು, ಕಣ್ಣು ಮುಚ್ಚಿ. ಕಂಬದ ಕುತ್ತಿಗೆಗೆ ಬಟ್ಟೆ ಸುತ್ತಿತ್ತು. ಸಿಬಿರು ಚುಚ್ಚದಿರಲಿ ಎಂದು ಅವಳೇ ಸುತ್ತಿಕೊಂಡದ್ದು. ವೀಣ ಹೇಳಿದ ಸುಳ್ಳನ್ನು ಆ ಹುಡುಗಿ ಅಷ್ಟು ಶ್ರದ್ಧೆಯಿಂದ ನಂಬಿದ್ದಳು.

ಕೂಗಿದರೆ ಬೆಚ್ಚುತ್ತಾಳೆ. ವೀಣ ಕಂಬದ ಬುಡಕ್ಕೆ ನಡೆದು ಹೋದಳು. ಅಲ್ಲಿ ಅವಳಿಗೆ ಸದ್ದು ಕೇಳಿಸಿತು. ಒಣಗಿದ ತೊಗರಿ ಕಾಯಿ ಬಿಸಿಲಿಗೆ ಬಿರಿಯುವಂಥ ಸಣ್ಣ ಚಟಚಟ. ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

"ರಂಜಿತ, ನಾನು ವೀಣಕ್ಕ. ಕಣ್ ಬುಟ್ಟು ನನ್ನೇ ನೋಡು. ಮೆಲ್ಗೆ ಕುಕ್ಕರುಗಾಲ್ನಾಗೆ ಕೂತ್ಕೊ. ತಿರುಗ್ಬ್ಯಾಡ."

ಆ ದನಿಯಲ್ಲಿ ಏನಿತ್ತೋ, ರಂಜಿತ ಕಾರಣ ಕೇಳಲಿಲ್ಲ. ಮಂಡಿ ಮಡಚಿದಳು. ಒಂದು ಕಾಲನ್ನು ಇಳಿಬಿಟ್ಟು ಕಂಬ ಹುಡುಕಿದಳು. ಬಾಗಿಲಲ್ಲಿ ನೆರಳಾಯಿತು, ಆಚಾರಿ ಚೌಕಟ್ಟು ಹಿಡಿದು ನಿಂತಿದ್ದರು. ಮೇಲೆ ಯಾರಿದ್ದಾರೆ ಎಂಬುದು ಅವರಿಗೆ ಕಾಣುತ್ತಿರಲಿಲ್ಲ, ಆದರೆ ಮರದ ಸದ್ದು ಅವರ ಕಿವಿಗೆ ಬಿದ್ದಿತ್ತು. ಅವರು ಸೊಸೆಯ ಕಡೆ ಕೈ ಚಾಚಿ ಹಿಂದಕ್ಕೆ ಬಾ ಎಂಬಂತೆ ಸನ್ನೆ ಮಾಡಿದರು. ಅವಳು ಕದಲಲಿಲ್ಲ.

ರಂಜಿತಳ ಎರಡನೇ ಕಾಲು ತಲೆಯಿಂದ ಕೆಳಗೆ ಬಂತು. ತೊಡೆ ಕಂಬಕ್ಕೆ ಕಚ್ಚಿಕೊಳ್ಳುವ ಮೊದಲು ಮೈಭಾರವೆಲ್ಲ ಒಂದು ಗಳಿಗೆ ಕೈಯ ಮೇಲೆ, ಆ ಕೈ ಕುತ್ತಿಗೆಯ ಮೇಲೆ. ಮರ ಮುರಿದದ್ದು ದೊಡ್ಡ ಸದ್ದಿನಿಂದಲ್ಲ. ಮೆತ್ತಗೆ, ಹಳೇ ಹಗ್ಗ ಕಿತ್ತ ಹಾಗೆ. ತೆಂಗಿನಕಾಯಿಯಂಥ ಆ ತಲೆಯೂ ರಂಜಿತಳೂ ಒಟ್ಟಿಗೆ ಬಂದರು. ವೀಣ ಎರಡೂ ಕೈ ಚಾಚಿದಳು. ಹುಡುಗಿಯ ಬೆನ್ನು ಅವಳ ಎದೆಗೆ ಬಡಿಯಿತು, ಇಬ್ಬರೂ ನೆಲಕ್ಕೆ ಬಿದ್ದರು, ಅವಳ ಎಡಗೈ ಕೆಳಗೆ ಸಿಕ್ಕಿ ಮಣಿಕಟ್ಟು ಮುರಿಯಿತು. ಬೀಟೆಯ ತುಂಡು ರಂಜಿತಳ ಕಿವಿಯಿಂದ ಒಂದು ಗೇಣು ಆಚೆ ಬಿದ್ದು ನೆಲದಲ್ಲಿ ಗುಳಿ ಮಾಡಿತು.

ರಂಜಿತಳಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಸುದ್ದಿ ಮಾತ್ರ ಊರೆಲ್ಲ ಓಡಾಡಿತು. ಗಂಡಸರ ವಿದ್ಯೆಗೆ ಹೆಂಗಸರು ಕೈ ಹಾಕಿದರೆ ಹೀಗೇ ಎಂದರು. ಮುಟ್ಟಾದವರು ಯಾರೋ ಹತ್ತಿರಬೇಕು ಎಂದರು. ಚಲುವರಾಜು ಮಂಡಿಗೆ ಬೀಗ ಹಾಕಿಸಿದರು. ಜಯಲಕ್ಷ್ಮಮ್ಮನ ಮನೆ ಮುಂದೆ ನಿಂತು ಬೈದು ಹೋದವರೂ ಇದ್ದರು. ಈ ಮಾತುಗಳೆಲ್ಲ ಜಗಲಿಯವರೆಗೂ ಬರುತ್ತಿದ್ದವು. ಆಚಾರಿ ಕೇಳಿಸಿಕೊಂಡು ಕೂತಿರುತ್ತಿದ್ದರು. ಮುರಿದ ತುಂಡನ್ನು ಆ ಬೆಳಿಗ್ಗೆಯೇ ಪಂಚೆಯಲ್ಲಿ ಸುತ್ತಿ ತಂದು ಚಪ್ಪರದ ಮೂಲೆಯಲ್ಲಿ ಇಟ್ಟಿದ್ದರು. ಕೈಗೆ ಪಟ್ಟಿ ಹಾಕಿಸಿಕೊಂಡ ವೀಣ ಎದುರಿಗೇ ಓಡಾಡುತ್ತಿದ್ದಳು. ಒಂದು ದಿನ ಕಾದಳು, ಎರಡು ದಿನ ಕಾದಳು. ಮುದುಕ ಬಾಯಿ ತೆರೆಯಲಿಲ್ಲ.

ನಾಲ್ಕನೇ ದಿನ ಅವಳ ಕೈ ನೋಡಲು ಚಲುವರಾಜು ಬಂದರು. ಅವರ ಹಿಂದೆಯೇ ಜಯಲಕ್ಷ್ಮಮ್ಮನೂ ಬಂದರು. ಚಲುವರಾಜು ಮಗಳನ್ನು ಉಳಿಸಿದ್ದಕ್ಕೆ ಕೈ ಮುಗಿದು, ಟೀಚರ ಕಡೆ ತಿರುಗಿ ಇನ್ನು ಈ ಆಟ ಈ ಊರಲ್ಲಿ ಬೇಡ ಎಂದರು. ಜಯಲಕ್ಷ್ಮಮ್ಮ ತಲೆ ತಗ್ಗಿಸಿ, ತಪ್ಪು ನನ್ನದೇ, ಹೆಚ್ಚು ಆತುರ ಮಾಡಿದೆ ಎಂದರು. ಜೀವಮಾನದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸದ ಹೆಂಗಸು. ವೀಣ ಚಪ್ಪರಕ್ಕೆ ಹೋಗಿ, ಒಂದೇ ಕೈಯಲ್ಲಿ ಪಂಚೆಯ ಗಂಟನ್ನು ಎಳೆದು ತಂದು ಜಗಲಿಯ ಮೇಲೆ ಬಿಚ್ಚಿದಳು. ಕುತ್ತಿಗೆಯ ಮುರಿದ ಮುಖದಲ್ಲಿ ಅರಗಿನ ಕೆಂಪು, ಅದರ ಸುತ್ತ ಕೊಳೆತ ಮರದ ಕಪ್ಪು.

"ಮರ ಕೆಟ್ಟಿತ್ತು. ನಮ್ಮನೇಲೇ ಮುಚ್ಚುದ್ರು. ನಂಗೆ ಹಿಂದಿನ್ ದಿನವೇ ಗೊತ್ತಾಗಿತ್ತು, ನಾನೂ ಹೇಳ್ನಿಲ್ಲ," ಎಂದಳು.

ಪುಟ್ಟಲಕ್ಷ್ಮಮ್ಮ ಬಾಗಿಲ ಸಂದಿಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಚಾರಿ ಕೋಲೂರಿ ಎದ್ದರು.

"ಅವ್ಳೇಳೋದು ದಿಟ," ಎಂದಷ್ಟೇ ಹೇಳಿ ಒಳಗೆ ನಡೆದರು.

ಚಲುವರಾಜು ಆ ಮನೆಯ ಜೊತೆ ಮಾತು ಬಿಟ್ಟರು. ಆದರೆ ಮಂಡಿಯ ಬೀಗ ತೆಗೆಸಿದರು. ರಂಜಿತ ಊಟ ಬಿಟ್ಟು ಕೂತಿದ್ದಳಂತೆ. ಹೊಸ ಕಂಬ ಬರುವವರೆಗೆ ಜಯಲಕ್ಷ್ಮಮ್ಮ ತೊಲೆಗೆ ಹಗ್ಗ ಇಳಿಬಿಟ್ಟು ಪಾಠ ಮುಂದುವರಿಸಿದರು. ಆಚಾರಿಯ ಚಪ್ಪರಕ್ಕೆ ಬರುವವರು ನಿಂತರು. ಸುರೇಂದ್ರ ಹೆಂಡತಿಯ ಮೇಲೆ ಒಂದು ವಾರ ಮುನಿಸಿಕೊಂಡು, ಆಮೇಲೆ ಅವಳ ತಲೆ ಬಾಚಿ ಕೊಡಲು ಬಂದ. ಒಂದು ಕೈಯಲ್ಲಿ ಅವಳಿಗೆ ಜಡೆ ಹೆಣೆಯಲು ಆಗುತ್ತಿರಲಿಲ್ಲ. ಮಾವ ಮಾತ್ರ ಎರಡು ತಿಂಗಳು ಅವಳ ಜೊತೆ ಮಾತಾಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ, ಕಣ್ಣು ತೋರಿಸಲು ಮೈಸೂರಿಗೆ ಹೋಗಬೇಕು, ಜೊತೆಗೆ ವೀಣ ಬರಲಿ ಎಂದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರು. ನಾಲೆ ದಾಟಿತು, ಕಬ್ಬಿನ ಗದ್ದೆಗಳು ದಾಟಿದವು. ಅವಳು ಪಟ್ಟಿ ಬಿಚ್ಚಿದ ಮಣಿಕಟ್ಟನ್ನು ಮೆಲ್ಲನೆ ತಿರುಗಿಸುತ್ತಾ ಕೂತಿದ್ದಳು. ಅದು ಇನ್ನೂ ಪೂರ್ತಿ ತಿರುಗುತ್ತಿರಲಿಲ್ಲ. ಆಚಾರಿ ಹೊರಗೆ ನೋಡುತ್ತಲೇ ಹೇಳಿದರು.

"ಅದೊಂದೇ ಅಲ್ಲ ಕಣವ್ವ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವರು ಬೆರಳು ಮಡಚುತ್ತಾ ಹೋದರು. ಕಣ್ಣು ಮಂಜಾದ ಮೇಲೆ, ಮರ ಕೈಕೊಟ್ಟಾಗ ತಿರುಗಿ ಹೊಸದು ತರುವ ಬದಲು ಅರಗು ತುಂಬಿದ್ದು ಇನ್ನೂ ಮೂರು. ನಾಗಮಂಗಲದಲ್ಲಿ ಒಬ್ಬರ ಮನೆಯ ಅಟ್ಟ. ಕೆ.ಆರ್. ಪೇಟೆಯಲ್ಲಿ ಒಂದು ಏಣಿ. ಶ್ರೀರಂಗಪಟ್ಟಣದಲ್ಲಿ ಕೋಟೆಯ ಒಳಗೆ, ಪುಟ್ಟಗೌರಮ್ಮ ಎಂಬುವರ ಮನೆಯ ತೂಗುಮಣೆಯ ತೊಲೆ. ಬಾಣಂತನಕ್ಕೆ ಬಂದ ಮಗಳು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ತೂಗಲಿ ಎಂದು ಆಯಮ್ಮ ಮಾಡಿಸಿದ್ದಂತೆ.

"ಯಾವಾಗ ಹಾಕಿದ್ದು?" ಎಂದು ಕೇಳಿದಳು.

ಎರಡು ವರ್ಷ ಆಯಿತು ಎಂದರು. ಆ ಮನೆಯ ಕಡೆ ಮತ್ತೆ ಹೋಗಿಲ್ಲ ಎಂದರು. ವೀಣ ಮೈಸೂರಿನವರೆಗಿದ್ದ ಟಿಕೀಟನ್ನು ಸೆರಗಿನ ಗಂಟಿಗೆ ಸಿಕ್ಕಿಸಿಕೊಂಡಳು. ಶ್ರೀರಂಗಪಟ್ಟಣ ಬಂದಾಗ ಎದ್ದು ನಿಂತು ಮಾವನ ರಟ್ಟೆಗೆ ಕೈ ಕೊಟ್ಟಳು. ಅವರು ಏನೂ ಕೇಳದೆ ಎದ್ದರು.

ಕೋಟೆಯ ಒಳಗಿನ ಓಣಿಯಲ್ಲಿ ಅವರು ಗೋಡೆ ಸವರಿಕೊಂಡು ನಡೆದರು, ಅವಳು ಒಂದು ಹೆಜ್ಜೆ ಹಿಂದೆ. ಮೂರನೇ ತಿರುವಿನಲ್ಲಿ ಒಂದು ಹೆಂಚಿನ ಮನೆಯ ಮುಂದೆ ನಿಂತರು. ಬಾಗಿಲು ಮುಂದಕ್ಕೆ ಎಳೆದಿತ್ತು. ಒಳಗಿನಿಂದ ಸರಪಣಿ ಎಳೆದು ಬಿಡುವ ಸದ್ದು ಒಂದೇ ಸಮನೆ ಬರುತ್ತಿತ್ತು. ಯಾರೋ ಹೆಣ್ಣುಮಗಳು ಏನನ್ನೋ ಎಣಿಸುತ್ತಿದ್ದಳು. ಪ್ರತಿ ಎಣಿಕೆಗೂ ಮಗುವೊಂದು ಕೇಕೆ ಹಾಕಿ ನಗುತ್ತಿತ್ತು. ಆಚಾರಿ ತಲೆ ಓರೆ ಮಾಡಿ, ಮೇಲೆ ತೊಲೆಯ ಕಡೆಗೆ ಕಿವಿ ಕೊಟ್ಟರು. ಅವರ ಕೈ ಸೊಸೆಯ ತೋಳನ್ನು ಹುಡುಕಿ ಬಿಗಿಯಾಗಿ ಹಿಡಿಯಿತು.

ವೀಣ ಚಿಲಕ ಬಡಿದಳು.